ಹಳೆಯ ಬೈಕಿಗೆ ಯಾವ ಪ್ಲಗ್, ಎಷ್ಟು ಗ್ಯಾಪ್?

ನನ್ನ ಮೇಜಿನ ಮೇಲೆ ಮೂರು ಸ್ಪಾರ್ಕ್ ಪ್ಲಗ್ (ಎಂಜಿನ್ ಒಳಗೆ ಕಿಡಿ ಹಾರಿಸಿ ಪೆಟ್ರೋಲಿಗೆ ಬೆಂಕಿ ಹಚ್ಚುವ ಭಾಗ) ಇಟ್ಟುಕೊಂಡಿದ್ದೇನೆ. ಮೂರೂ 14 ಮಿಲಿಮೀಟರ್ ತ್ರೆಡ್‌ನವು. ನಮ್ಮ ಮನೆಯ ಯಮಹಾ ಆರ್‌ಎಕ್ಸ್ 100 ಗಾಡಿಯ ಹೆಡ್‌ಗೆ, ಅಂದರೆ ಎಂಜಿನ್ನಿನ ಮೇಲ್ಭಾಗಕ್ಕೆ, ಮೂರೂ ಸಲೀಸಾಗಿ ತಿರುಗಿ ಕೂರುತ್ತವೆ. ಹೊರಗಿಟ್ಟು ಕಿಕ್ ಹೊಡೆದರೆ ಮೂರರಲ್ಲೂ ಕಿಡಿ ಬರುತ್ತದೆ. ಆದರೆ ಒಂದನ್ನು ಹಾಕಿದರೆ ಗಾಡಿ ಚಿಕ್ಕಮಗಳೂರಿನಿಂದ ಉಜಿರೆಗೆ ಹೋಗಿ ಬರುತ್ತದೆ. ಇನ್ನೊಂದನ್ನು ಹಾಕಿದರೆ ಆಲ್ದೂರು ದಾಟುವ ಮೊದಲೇ ಮಸಿ ಹಿಡಿದು ಮಿಸ್ಸಿಂಗ್ ಶುರುವಾಗುತ್ತದೆ. ಮೂರನೆಯದು ಒಳಗೆ ಪಿಸ್ಟನ್‌ಗೇ ತಾಗುತ್ತದೆ.

ನಮ್ಮ ಕಡೆ ಹಳೆಯ ಗಾಡಿಗಳು ಇನ್ನೂ ದುಡಿಯುತ್ತಿವೆ. ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ, ಆರ್‌ಎಕ್ಸ್ 100, ಹಳೆಯ ಕಾಸ್ಟ್ ಐರನ್ ಬುಲೆಟ್, ಹೀರೊ ಹೋಂಡಾ ಸಿಡಿ 100. ಯೆಜ್ಡಿ ಕಾರ್ಖಾನೆ ಮುಚ್ಚಿದ್ದೂ 1996ರಲ್ಲಿ, ಆರ್‌ಎಕ್ಸ್ 100 ನಿಂತಿದ್ದೂ 1996ರಲ್ಲಿ. ಅಂದರೆ ಈ ಗಾಡಿಗಳಿಗೆ ಕಮ್ಮಿ ಎಂದರೂ ಮೂವತ್ತರ ಹತ್ತಿರ ವಯಸ್ಸು. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ, ಏರಿನಲ್ಲಿ ಪಿಕಪ್ ಬಿದ್ದರೆ, ಎಲ್ಲರೂ ಮೊದಲು ಹೇಳುವ ಮಾತು ಒಂದೇ: ಪ್ಲಗ್ ಚೇಂಜ್ ಮಾಡ್ಸಿ. ಮಾತು ತಪ್ಪಲ್ಲ. ಯಾವ ಪ್ಲಗ್ ಅಂತ ಯಾರೂ ಹೇಳುವುದಿಲ್ಲ, ಅದೇ ತೊಂದರೆ.

ನಾನು ಇಷ್ಟು ವರ್ಷದಲ್ಲಿ ಕಲಿತಿದ್ದು ಇದು. ಪ್ಲಗ್‌ನ ದಪ್ಪ, ಉದ್ದ, ಶಾಖದ ನಂಬರ್, ಇವನ್ನು ಎಂಜಿನ್ ಮಾಡಿದವರು ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ನಮ್ಮ ಕೈಗೆ ಬಿಟ್ಟಿರುವುದು ಗ್ಯಾಪ್, ಅಂದರೆ ಪ್ಲಗ್ ತುದಿಯ ನಡುವಿನ ಕಡ್ಡಿಗೂ ಅದರ ಮೇಲೆ ಬಾಗಿದ ಕೊಕ್ಕೆಗೂ ಮಧ್ಯೆ ಕಿಡಿ ಹಾರುವ ಸಂದು. ಆದರೆ ನಾವು ಮಾಡುವುದು ಉಲ್ಟಾ. ಸುಮ್ನೆ ನಂಬರ್ ಬದಲಿಸಿ ನೋಡುತ್ತೇವೆ, ಗ್ಯಾಪ್ ಮುಟ್ಟುವುದೇ ಇಲ್ಲ.

ಮೊದಲು ಉದ್ದದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ತಪ್ಪಿದರೆ ಎಂಜಿನ್ನೇ ಹೋಗುತ್ತದೆ. ಉದ್ದ ಅಂದರೆ ವಾಷರ್ ಕೂರುವ ಜಾಗದಿಂದ ತ್ರೆಡ್ ಮುಗಿಯುವ ತನಕದ ಅಳತೆ. ಹಳೆಯ ಬೈಕುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು: 12.7 ಮತ್ತು 19 ಮಿಲಿಮೀಟರ್. ಎನ್‌ಜಿಕೆ ಕಂಪನಿಯ ಪ್ಲಗ್ ಆದರೆ ಇದು ಹೆಸರಲ್ಲೇ ಇರುತ್ತದೆ. ಬಿ7ಎಚ್‌ಎಸ್ ಎಂಬುದನ್ನು ಬಿಡಿಸಿ ಓದಿ. ಬಿ ಎಂದರೆ 14 ಮಿಲಿಮೀಟರ್ ತ್ರೆಡ್. 7 ಶಾಖದ ನಂಬರ್. ಎಚ್ ಎಂದರೆ 12.7 ಮಿಲಿಮೀಟರ್ ಉದ್ದ. ಅದೇ ಬಿ7ಇಎಸ್ ಆದರೆ, ಆ ಇ ಅಕ್ಷರ 19 ಮಿಲಿಮೀಟರ್. ಅಂಗಡಿಯಲ್ಲಿ ಎರಡೂ ಡಬ್ಬಿ ಒಂದರ ಪಕ್ಕ ಒಂದು ಇರುತ್ತವೆ. ಒಂದಕ್ಷರದ ವ್ಯತ್ಯಾಸ, 6.3 ಮಿಲಿಮೀಟರ್ ಅಂತರ.

ಕೆಲವು ವರ್ಷಗಳ ಹಿಂದೆ ನಾನೇ ಇದಕ್ಕೆ ಸಿಕ್ಕಿಬಿದ್ದೆ. ಮಳೆಗಾಲ, ಸಂಜೆ, ಅಂಗಡಿ ಮುಚ್ಚುವ ಹೊತ್ತು. ಕೌಂಟರಿನಲ್ಲಿದ್ದವರು ಡಬ್ಬಿ ಕೊಟ್ಟು, "14ರ ಪ್ಲಗ್ ಎಲ್ಲಾ ಒಂದೇ ಸಾರ್, ಹಾಕ್ಕೊಳಿ" ಎಂದರು. ಮನೆಗೆ ಬಂದು ಹಾಕಿದೆ. ಕಿಕ್ ಮೇಲೆ ಕಾಲಿಡುವ ಮೊದಲು ಕೈಯಲ್ಲೇ ಮೆಲ್ಲಗೆ ಒತ್ತಿ ನೋಡುವುದು ನನ್ನ ಅಭ್ಯಾಸ. ಅರ್ಧಕ್ಕೆ ಬಂದು ಟಕ್ ಅಂತ ನಿಂತಿತು. ಪ್ಲಗ್ ಬಿಚ್ಚಿದರೆ, ಬಾಗಿದ ಕೊಕ್ಕೆ ನಡುವಿನ ಕಡ್ಡಿಗೆ ಅಂಟಿಕೊಂಡು ಕೂತಿತ್ತು. ಗ್ಯಾಪ್ ಪೂರ್ತಿ ಮುಚ್ಚಿಹೋಗಿತ್ತು. ಪಿಸ್ಟನ್ ಮೇಲೆ ಬಂದು ಅದನ್ನು ಒತ್ತಿಬಿಟ್ಟಿತ್ತು. ಜೋರಾಗಿ ಒದ್ದಿದ್ದರೆ ಪಿಸ್ಟನ್ ತಲೆ ಒಡೆಯುತ್ತಿತ್ತು. ಅವತ್ತಿಂದ ಹಳೆಯ ಪ್ಲಗ್ ಜೇಬಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುತ್ತೇನೆ. ಹೊಸದನ್ನು ಪಕ್ಕದಲ್ಲಿ ಹಿಡಿದು ತ್ರೆಡ್‌ನ ಉದ್ದ ನೋಡಿಯೇ ದುಡ್ಡು ಕೊಡುವುದು.

ಗಿಡ್ಡ ಪ್ಲಗ್ ಹಾಕಿದರೆ ಇಷ್ಟು ಬೇಗ ಗೊತ್ತಾಗುವುದಿಲ್ಲ. ಗಾಡಿ ಓಡುತ್ತದೆ. ಆದರೆ ಹೆಡ್‌ನಲ್ಲಿ ಖಾಲಿ ಉಳಿದ ತ್ರೆಡ್ ಒಳಗೆ ಮಸಿ ಗಟ್ಟಿಯಾಗುತ್ತದೆ. ಮುಂದೊಂದು ದಿನ ಸರಿಯಾದ ಪ್ಲಗ್ ಹಾಕಲು ಹೋದಾಗ ಅದು ಸಿಕ್ಕಿಕೊಂಡು ಅಲ್ಯೂಮಿನಿಯಂ ತ್ರೆಡ್ಡೇ ಕಿತ್ತು ಬರುತ್ತದೆ.

ಸಿಡಿ 100, ಹಳೆಯ ಸ್ಪ್ಲೆಂಡರ್ ಇಟ್ಟುಕೊಂಡವರಿಗೆ ಈ ಗೊಂದಲ ಕಡಿಮೆ. ಅವಕ್ಕೆ 10 ಮಿಲಿಮೀಟರ್‌ನ ಸಣ್ಣ ಪ್ಲಗ್, ಎನ್‌ಜಿಕೆಯಲ್ಲಿ ಸಿ7ಎಚ್‌ಎಸ್‌ಎ. ಸಿ ಎಂದರೆ 10 ಮಿಲಿಮೀಟರ್. ಪಾನಾ ಕೂಡ ಬೇರೆ, 16ರದು.

ಈಗ ಶಾಖದ ನಂಬರ್. ಹೆಚ್ಚು ತಪ್ಪು ತಿಳುವಳಿಕೆ ಇರುವುದು ಇಲ್ಲೇ. ಹಾಟ್ ಪ್ಲಗ್ ಹಾಕಿದರೆ ಕಿಡಿ ಜೋರು ಬರುತ್ತದೆ, ಕೋಲ್ಡ್ ಪ್ಲಗ್ ಹಾಕಿದರೆ ಎಂಜಿನ್ ತಣ್ಣಗಿರುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಎರಡೂ ಅಲ್ಲ. ಈ ನಂಬರಿಗೂ ಕಿಡಿಗೂ ಸಂಬಂಧವಿಲ್ಲ. ಪ್ಲಗ್‌ನ ತುದಿ ತನಗೆ ತಾಗಿದ ಬಿಸಿಯನ್ನು ಎಷ್ಟು ಬೇಗ ಹೆಡ್‌ಗೆ ದಾಟಿಸುತ್ತದೆ ಎಂಬುದನ್ನು ಅದು ಹೇಳುತ್ತದೆ, ಅಷ್ಟೇ.

ಒಲೆಗೆ ಒಂದು ಕಬ್ಬಿಣದ ಸಲಾಕೆ ಹಿಡಿಯಿರಿ. ತುದಿಯ ಹತ್ತಿರವೇ ಒದ್ದೆ ಬಟ್ಟೆ ಸುತ್ತಿದ್ದರೆ ತುದಿ ಬೇಗ ಕೆಂಪಗಾಗುವುದಿಲ್ಲ. ಬಟ್ಟೆ ದೂರದಲ್ಲಿದ್ದರೆ ತುದಿ ಕೆಂಡವಾಗುತ್ತದೆ. ಪ್ಲಗ್‌ನಲ್ಲೂ ಹಾಗೆಯೇ. ನಡುವಿನ ಕಡ್ಡಿಯ ಸುತ್ತ ಬಿಳಿ ಪಿಂಗಾಣಿ ಇದೆಯಲ್ಲ, ಅದು ಒಳಗೆ ಎಷ್ಟು ಆಳದಲ್ಲಿ ಲೋಹಕ್ಕೆ ಅಂಟಿದೆ ಎಂದು ಇಣುಕಿ ನೋಡಿ. ಆಳದಲ್ಲಿ ಅಂಟಿದ್ದರೆ ಪಿಂಗಾಣಿ ಮೂಗು ಉದ್ದ, ಬಿಸಿ ದೂರ ಹೋಗಬೇಕು, ತುದಿ ಬಿಸಿಯಾಗೇ ಇರುತ್ತದೆ. ಅದು ಹಾಟ್ ಪ್ಲಗ್. ಮೂಗು ಗಿಡ್ಡವಿದ್ದರೆ ಕೋಲ್ಡ್.

ತುದಿ ಸುಮಾರು 450 ಡಿಗ್ರಿ ದಾಟಿದರೆ ಅಂಟಿದ ಮಸಿಯನ್ನು ತಾನೇ ಸುಟ್ಟುಕೊಂಡು ಶುದ್ಧವಾಗುತ್ತದೆ. 850 ಡಿಗ್ರಿಯ ಆಚೆ ಹೋದರೆ ತುದಿಯೇ ಕೆಂಡವಾಗಿ, ಕಿಡಿ ಬರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಅದು ಮುಂದುವರಿದರೆ ಪಿಸ್ಟನ್ ತಲೆಗೆ ತೂತು. ಈ ಎರಡರ ನಡುವೆ ತುದಿಯನ್ನು ಇಡುವುದೇ ಆ ನಂಬರಿನ ಕೆಲಸ. ಎನ್‌ಜಿಕೆಯಲ್ಲಿ ಒಂದು ನಂಬರ್ ಬದಲಾದರೆ ತುದಿಯ ಬಿಸಿ 70ರಿಂದ 100 ಡಿಗ್ರಿ ವ್ಯತ್ಯಾಸವಾಗುತ್ತದೆ. ಸಣ್ಣ ಮಾತಲ್ಲ.

ಇಲ್ಲೊಂದು ಗುಂಡಿ ಇದೆ, ನೋಡಿ ನಡೆಯಬೇಕು. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ನಂಬರ್ ಹೆಚ್ಚಾದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಸರಿಯಾಗಿ ತಿರುಗುಮುರುಗು, ನಂಬರ್ ಹೆಚ್ಚಾದಷ್ಟೂ ಹಾಟ್. ಸಾಲದು ಅಂತ, ಬಾಷ್‌ನದೇ ಹಳೆಯ ಲೆಕ್ಕ ಬೇರೆ ಇತ್ತು. ಬೆಂಗಳೂರಿನ ಮೈಕೊ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು, ಆದರೂ ನಮ್ಮಲ್ಲಿ ಹಿರಿಯರು ಈಗಲೂ ಮೈಕೊ ಪ್ಲಗ್ ಎಂದೇ ಕೇಳುತ್ತಾರೆ. ಆ ಹಳೆಯ ಕಾಲದ ಡಬ್ಬಿಗಳಲ್ಲಿ ಡಬ್ಲ್ಯು175, ಡಬ್ಲ್ಯು225 ಎಂಬ ದೊಡ್ಡ ನಂಬರ್ ಇರುತ್ತಿತ್ತು. ಅದರಲ್ಲಿ ದೊಡ್ಡದಾದಷ್ಟೂ ಕೋಲ್ಡ್. ಡಬ್ಲ್ಯು175 ಈಗಿನ ಡಬ್ಲ್ಯು7ಕ್ಕೆ ಹತ್ತಿರ, ಡಬ್ಲ್ಯು225 ಈಗಿನ ಡಬ್ಲ್ಯು5ಕ್ಕೆ. ಅಟ್ಟದ ಮೇಲೆ ಸಿಕ್ಕ ಹಳೆಯ ಕೈಪಿಡಿಯ ನಂಬರನ್ನು ಹೊಸ ಡಬ್ಬಿಗೆ ಹೋಲಿಸುವಾಗ ಇದು ನೆನಪಿರಲಿ. ಒಂದು ಕಂಪನಿಯ 7 ಇನ್ನೊಂದು ಕಂಪನಿಯ 7 ಅಲ್ಲ. ಹೋಲಿಕೆ ಪಟ್ಟಿ ನೋಡಿಯೇ ಬದಲಿಸಿ.

ನಮ್ಮ ಜಿಲ್ಲೆಯಲ್ಲಿ ಶಾಖದ ನಂಬರ್ ಯಾಕೆ ಇಷ್ಟು ಕಾಡುತ್ತದೆ ಅಂದರೆ, ಇಲ್ಲಿ ಒಂದೇ ಗಾಡಿ ಎರಡು ಥರದ ಬಾಳು ಬಾಳುತ್ತದೆ. ವಾರವಿಡೀ ಕಾಫಿ ತೋಟದೊಳಗೆ, ಕೆಲಸಗಾರರ ಲೈನ್ ಮನೆಯಿಂದ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ, ಪಲ್ಪರ್ ಮನೆಯಿಂದ ಕಣಕ್ಕೆ, ಒಂದನೇ ಎರಡನೇ ಗೇರಿನಲ್ಲಿ ನಡೆಯುವ ವೇಗ. ಪ್ಲಗ್ ತುದಿ 450 ಡಿಗ್ರಿ ಮುಟ್ಟುವುದೇ ಇಲ್ಲ, ಮಸಿ ಕೂರುತ್ತಾ ಹೋಗುತ್ತದೆ. ಆರ್‌ಎಕ್ಸ್, ಜಾವಾ ಥರದ ಟು ಸ್ಟ್ರೋಕ್ ಆದರೆ ಜೊತೆಗೆ ಪೆಟ್ರೋಲಿನೊಂದಿಗೆ ಉರಿಯುವ ಎಣ್ಣೆ. ಆಮೇಲೆ ಭಾನುವಾರ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿದು, ಸಂಜೆ ಅದೇ ಘಾಟಿಯನ್ನು ಕೊಟ್ಟಿಗೆಹಾರದ ತನಕ ಹತ್ತಿಸುತ್ತೇವೆ. ಹಾಸನದವರಾದರೆ ಶಿರಾಡಿ. ಆಗ ಅದೇ ಪ್ಲಗ್ ಬೆಂಕಿಯಲ್ಲಿ ಕೂತಂತೆ.

ತೋಟದ ಮಸಿ ತಡೆಯಲಾರದೆ ಒಂದು ನಂಬರ್ ಹಾಟ್ ಪ್ಲಗ್ ಹಾಕಿಸಿಕೊಂಡವರು ಬಹಳ ಮಂದಿ. ತೋಟದಲ್ಲಿ ಗಾಡಿ ಚೆನ್ನಾಗಿರುತ್ತದೆ ಕೂಡ. ತೊಂದರೆ ಬರುವುದು ಘಾಟಿಯಲ್ಲಿ. ನನ್ನ ಅಭಿಪ್ರಾಯ ಖಡಾಖಂಡಿತ: ತೋಟ ಬಿಟ್ಟು ಹೊರಗೆ ಹೋಗುವ ಗಾಡಿಗೆ ಕೈಪಿಡಿಯ ನಂಬರ್ ಬಿಟ್ಟು ಬೇರೆ ಹಾಕಬೇಡಿ. ವಾರಕ್ಕೊಮ್ಮೆ ಟಾರ್ ರಸ್ತೆಗೆ ತಂದು ಹತ್ತು ಕಿಲೋಮೀಟರ್ ಚೆನ್ನಾಗಿ ಓಡಿಸಿ, ಮಸಿ ತಾನೇ ಸುಟ್ಟುಹೋಗುತ್ತದೆ. ಜೊತೆಗೊಂದು ಸ್ಪೇರ್ ಪ್ಲಗ್ ಇರಲಿ. ಮಸಿ ಹಿಡಿದ ಪ್ಲಗ್ ದಾರಿಯಲ್ಲಿ ನಿಲ್ಲಿಸುತ್ತದೆ, ಕೆಂಡವಾದ ಪ್ಲಗ್ ಎಂಜಿನ್ ಬಿಚ್ಚಿಸುತ್ತದೆ.

ಎತ್ತರದ ಮಾತೂ ಇದೆ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ 1,000 ಮೀಟರ್‌ಗಿಂತ ಮೇಲಿದೆ. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಮಂಗಳೂರಿಗೆ ಹೋಲಿಸಿದರೆ ನಮ್ಮ ಊರಿನಲ್ಲಿ ಗಾಳಿಯ ಒತ್ತಡ ಸುಮಾರು ಎಂಟರಲ್ಲಿ ಒಂದು ಪಾಲು ಕಮ್ಮಿ, ಮುಳ್ಳಯ್ಯನಗಿರಿಯಲ್ಲಿ ಐದರಲ್ಲಿ ಒಂದು ಪಾಲು ಕಮ್ಮಿ. ಕಾರ್ಬುರೇಟರ್‌ಗೆ ಇದು ಗೊತ್ತಾಗುವುದಿಲ್ಲ, ಅದು ಪೆಟ್ರೋಲನ್ನು ಅದೇ ಪ್ರಮಾಣದಲ್ಲಿ ಬಿಡುತ್ತದೆ. ಹಾಗಾಗಿ ಮುಳ್ಳಯ್ಯನಗಿರಿ ದಾರಿಯ ಕೈಮರ ದಾಟಿ ಮೇಲೆ ಹೋದಂತೆ ಗಾಡಿ ಗೊರಗೊರ ಎನ್ನುತ್ತದೆ, ಪ್ಲಗ್ ಕಪ್ಪಾಗುತ್ತದೆ. ಇದು ಪ್ಲಗ್‌ನ ತಪ್ಪಲ್ಲ. ಬದಲಿಸಬೇಕಾದ್ದು ಕಾರ್ಬುರೇಟರ್‌ನ ಪೆಟ್ರೋಲ್ ಅಳತೆ ಹಿಡಿಯುವ ನೀಡಲ್ ಕ್ಲಿಪ್ ಅಥವಾ ಜೆಟ್. ಒಂದು ದಿನದ ಪ್ರವಾಸಕ್ಕಾದರೆ ಅದೂ ಬೇಡ.

ಇನ್ನು ಗ್ಯಾಪ್. ನನಗೆ ತುಂಬ ಇಷ್ಟವಾದ ಭಾಗ ಇದು, ಯಾಕೆಂದರೆ ಕೈಯಲ್ಲಿ ಮಾಡುವ ಕೆಲಸ.

ಹೊರಗಿನ ಗಾಳಿಯಲ್ಲಿ ಕಿಡಿ ಒಂದು ಮಿಲಿಮೀಟರ್ ಹಾರಲು ಸುಮಾರು 3,000 ವೋಲ್ಟ್ ಸಾಕು. ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನು ಗಟ್ಟಿಯಾಗಿ ಒತ್ತಿರುತ್ತದೆ. ಅಲ್ಲಿ ಅದೇ ಒಂದು ಮಿಲಿಮೀಟರ್ ಹಾರಲು ಅದರ ಹಲವು ಪಟ್ಟು ವೋಲ್ಟ್ ಬೇಕು. ಹೊರಗಿಟ್ಟು ನೋಡಿದಾಗ ನೀಲಿ ಕಿಡಿ ಕೊಡುವ ಪ್ಲಗ್ ಒಳಗೆ ಹೋದಾಗ ಸುಮ್ಮನಾಗುವುದು ಇದಕ್ಕೇ. "ಕರೆಂಟ್ ಬರ್ತಿದೆ ಅಣ್ಣ, ಆದ್ರೂ ಸ್ಟಾರ್ಟ್ ಆಗ್ತಿಲ್ಲ" ಎಂದು ಪಕ್ಕದ ಮನೆಯ ಹುಡುಗ ಹೇಳಿದಾಗ ನಾನು ಮೊದಲು ಕೇಳುವುದು ಗ್ಯಾಪ್ ಎಷ್ಟಿದೆ ಎಂದು. ಹಾಗೆ ಹೊರಗಿಟ್ಟು ನೋಡುವಾಗಲೂ ಪ್ಲಗ್‌ನ ಲೋಹ ಎಂಜಿನ್‌ಗೆ ಗಟ್ಟಿಯಾಗಿ ತಾಗಿರಬೇಕು. ಗಾಳಿಯಲ್ಲಿ ತೂಗಾಡಿಸಿ ಕಿಕ್ ಹೊಡೆದರೆ ಕರೆಂಟಿಗೆ ದಾರಿ ಸಿಗದೆ ಕಿಡಿಗೆ ಬೇಕಾದ ವೋಲ್ಟ್ ಹುಟ್ಟಿಸುವ ಕಾಯಿಲ್ ಅಥವಾ ಕಿಡಿಯ ಸಮಯ ಹಿಡಿಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸಿಡಿಐ ಕೆಡಬಹುದು.

ಜಾವಾದಂಥ 6 ವೋಲ್ಟ್ ಬ್ಯಾಟರಿ ಮತ್ತು ಪಾಯಿಂಟ್ (ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ಇರುವ ಗಾಡಿ ತೆಗೆದುಕೊಳ್ಳಿ. ಚಳಿಗಾಲದ ಬೆಳಿಗ್ಗೆ, ಬ್ಯಾಟರಿ ಸೊರಗಿದೆ, ಪಾಯಿಂಟ್ ಸ್ವಲ್ಪ ಸುಟ್ಟಿದೆ, ಕಾಯಿಲ್‌ಗೆ ವಯಸ್ಸಾಗಿದೆ. ಹುಟ್ಟುವ ವೋಲ್ಟೇ ಕಮ್ಮಿ. ಗ್ಯಾಪ್ 0.8 ಇದ್ದರೆ ಅದು ಹಾರುವುದಿಲ್ಲ. 0.5 ಅಥವಾ 0.6 ಇದ್ದರೆ ಹಾರುತ್ತದೆ. ಹಾಗಾಗಿ ಪಾಯಿಂಟ್ ಇರುವ ಹಳೆಯ ಗಾಡಿಗಳಿಗೆ 0.5ರಿಂದ 0.6 ಮಿಲಿಮೀಟರ್, ಆರ್‌ಎಕ್ಸ್ 100, ಸಿಡಿ 100ರಂಥ ಸಿಡಿಐ ಗಾಡಿಗಳಿಗೆ 0.6ರಿಂದ 0.7. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಕೊನೆ.

ಹಾಗಾದರೆ ಇನ್ನೂ ಚಿಕ್ಕದು ಮಾಡಿದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ಕಿಡಿ ಚಿಕ್ಕದಾದರೆ ಅದರ ಸುತ್ತ ಹುಟ್ಟುವ ಬೆಂಕಿಯ ಉಂಡೆಯೂ ಚಿಕ್ಕದು. ಐಡಲ್‌ನಲ್ಲಿ ಗಾಡಿ ತಡವರಿಸುತ್ತದೆ. ಟು ಸ್ಟ್ರೋಕ್‌ನಲ್ಲಿ ಒಂದು ಚೂರು ಮಸಿ ಬಂದು ಸಿಕ್ಕಿಕೊಂಡರೂ ಗ್ಯಾಪ್ ಮುಚ್ಚಿಹೋಗುತ್ತದೆ. ದೊಡ್ಡ ಗ್ಯಾಪ್‌ನ ಲಕ್ಷಣ ಬೇರೆ: ಸಮತಟ್ಟು ರಸ್ತೆಯಲ್ಲಿ ಸರಿಯಾಗಿರುತ್ತದೆ, ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಕಡಿದು ಕಡಿದು ಹೋಗುತ್ತದೆ.

ಗ್ಯಾಪ್ ತಾನಾಗಿಯೇ ದೊಡ್ಡದಾಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಪ್ರತಿ ಕಿಡಿಯೂ ಲೋಹದ ಒಂದಿಷ್ಟು ಕಣ ಕಿತ್ತುಕೊಂಡು ಹೋಗುತ್ತದೆ. ಟು ಸ್ಟ್ರೋಕ್‌ನಲ್ಲಿ ಎಂಜಿನ್‌ನ ಪ್ರತಿ ಸುತ್ತಿಗೂ ಒಂದು ಕಿಡಿ, ಹಾಗಾಗಿ ಸವೆತ ಬೇಗ. ಎರಡು ಮೂರು ಸಾವಿರ ಕಿಲೋಮೀಟರಿಗೆ ಒಮ್ಮೆ ಬಿಚ್ಚಿ ಅಳೆಯುವುದು ಒಳ್ಳೆಯದು. ಹೊಸ ಪ್ಲಗ್ ಕೂಡ ಅಳೆಯದೆ ಹಾಕಬೇಡಿ. ಡಬ್ಬಿಯಲ್ಲಿರುವ ಗ್ಯಾಪ್ ನಿಮ್ಮ ಗಾಡಿಗೆಂದೇ ಇಟ್ಟಿದ್ದಲ್ಲ. ಡಬ್ಬಿ ಒಮ್ಮೆ ನೆಲಕ್ಕೆ ಬಿದ್ದಿದ್ದರೂ ಗ್ಯಾಪ್ ಬದಲಾಗಿರುತ್ತದೆ.

ಅಳೆಯಲು ಫೀಲರ್ ಗೇಜ್ ಬೇಕು, ಅಂದರೆ ದಪ್ಪ ಬರೆದಿರುವ ತೆಳು ಉಕ್ಕಿನ ಪಟ್ಟಿಗಳ ಗೊಂಚಲು. ಟೂಲ್ಸ್ ಮಾರುವ ಅಂಗಡಿಯಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ, ಪಾಯಿಂಟ್ ಅಡ್ಜಸ್ಟ್ ಮಾಡಲೂ ಅದೇ ಆಗುತ್ತದೆ. ಗ್ಯಾರೇಜಿನಲ್ಲಿ ಆಕ್ಸಾ ಬ್ಲೇಡ್ ತೂರಿಸಿ ಗ್ಯಾಪ್ ಇಡುವುದನ್ನು ನೋಡಿರುತ್ತೀರಿ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಲೆಕ್ಕ ಸರಿಯಿದೆ. ಕೈ ಗರಗಸದ ಬ್ಲೇಡಿನ ದಪ್ಪ ಸುಮಾರು 0.63 ಮಿಲಿಮೀಟರ್. ಆರ್‌ಎಕ್ಸ್‌ಗೆ, ಸಿಡಿ 100ಕ್ಕೆ ಅದು ಸರಿಯಾಗಿ ಹೊಂದುತ್ತದೆ. ಹಲ್ಲಿನ ಕಡೆಯಿಂದ ಮಾತ್ರ ತೂರಿಸಬಾರದು, ಹಲ್ಲುಗಳು ಅತ್ತಿತ್ತ ಬಾಗಿರುವುದರಿಂದ ದಪ್ಪ ಜಾಸ್ತಿ ಬರುತ್ತದೆ. ಬುಲೆಟ್‌ಗೆ 0.5 ಬೇಕಾದಾಗ ಗಡ್ಡ ಹೆರೆಯುವ ಹೊಸ ಬ್ಲೇಡ್ ಐದು ಜೋಡಿಸಿ, ಒಂದೊಂದು 0.1 ಮಿಲಿಮೀಟರ್. ಕೈ ಹುಷಾರು.

ಗ್ಯಾಪ್ ಬದಲಿಸುವಾಗ ಬಾಗಿದ ಕೊಕ್ಕೆಯನ್ನು ಮಾತ್ರ ಮುಟ್ಟಿ. ಚಿಕ್ಕದು ಮಾಡಲು ಪ್ಲಗ್ ಅನ್ನು ತಲೆಕೆಳಗೆ ಹಿಡಿದು, ಕೊಕ್ಕೆಯನ್ನು ಮರದ ತುಂಡಿಗೆ ಮೆಲ್ಲಗೆ ತಟ್ಟಿ. ತಟ್ಟುವುದು, ಅಳೆಯುವುದು, ಮತ್ತೆ ತಟ್ಟುವುದು. ದೊಡ್ಡದು ಮಾಡಲು ಸಣ್ಣ ಇಕ್ಕಳದಲ್ಲಿ ಕೊಕ್ಕೆ ಹಿಡಿದು ಹೊರಗೆ ಬಾಗಿಸಿ. ಸ್ಕ್ರೂಡ್ರೈವರ್ ತೂರಿಸಿ ನಡುವಿನ ಕಡ್ಡಿಗೆ ಆನಿಸಿ ಮೀಟಬೇಡಿ. ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ಕಿಡಿ ಅಲ್ಲಿಂದಲೇ ಸೋರಿಹೋಗುತ್ತದೆ. ಗೇಜ್ ಎಳೆದಾಗ ಒಂಚೂರು ಹಿಡಿದ ಹಾಗೆ ಅನ್ನಿಸಬೇಕು. ಪುಸ್ತಕದ ಎರಡು ಹಾಳೆಗಳ ನಡುವಿನಿಂದ ಚೀಟಿ ಎಳೆದಂತೆ. ಸಡಿಲವಾಗಿ ಜಾರಬಾರದು, ಒತ್ತಿ ತೂರಿಸುವಂತೆಯೂ ಇರಬಾರದು.

ಹಳೆಯ ಪ್ಲಗ್ ಆದರೆ ನಡುವಿನ ಕಡ್ಡಿಯ ಅಂಚು ನೋಡಿ. ಹೊಸದರಲ್ಲಿ ಅಂಚು ಚೂಪಾಗಿರುತ್ತದೆ, ಕಿಡಿಗೆ ಚೂಪು ಅಂಚಿನಿಂದ ಹಾರುವುದು ಸುಲಭ. ಸವೆದು ಗುಂಡಗಾಗಿದ್ದರೆ ಗ್ಯಾಪ್ ಎಷ್ಟು ಸರಿಯಿದ್ದರೂ ಹೆಚ್ಚು ವೋಲ್ಟ್ ಕೇಳುತ್ತದೆ. ಅಂಥದ್ದನ್ನು ಬದಲಿಸುವುದೇ ಮೇಲು. ಪ್ಲಗ್ ತೊಳೆಯಲು ಪೆಟ್ರೋಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಪಿಂಗಾಣಿಯ ಮೇಲೆ ತಂತಿ ಬ್ರಷ್ ಉಜ್ಜಿದರೆ ಲೋಹದ ಗೀರು ಕೂರುತ್ತದೆ, ಕರೆಂಟಿಗೆ ಅದೇ ಅಡ್ಡದಾರಿ.

ಬಿಚ್ಚಿದ ಪ್ಲಗ್‌ನ ಬಣ್ಣ ಎಂಜಿನ್ ಒಳಗಿನ ಸುದ್ದಿ ಹೇಳುತ್ತದೆ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಏರ್ ಫಿಲ್ಟರ್ ಮತ್ತು ಚೋಕ್ ನೋಡಿ. ಎಣ್ಣೆ ಎಣ್ಣೆಯಾದ ಕಪ್ಪಾದರೆ, ಬುಲೆಟ್‌ನಲ್ಲಿ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿರಬಹುದು, ಟು ಸ್ಟ್ರೋಕ್‌ನಲ್ಲಿ 2ಟಿ ಆಯಿಲ್ ಜಾಸ್ತಿಯಾಗಿರಬಹುದು ಅಥವಾ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿ ಗೇರ್ ಆಯಿಲ್ ಒಳಗೆ ಬರುತ್ತಿರಬಹುದು. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಗಾಡಿ ಓಡಿಸಬೇಡಿ. ಗಾಳಿ ಎಲ್ಲೋ ಲೀಕ್ ಆಗುತ್ತಿದೆ, ಟೈಮಿಂಗ್ ತಪ್ಪಿದೆ, ಇಲ್ಲವೇ ಪ್ಲಗ್ ಬಹಳ ಹಾಟ್. ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇರುತ್ತದೆ. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಕಾರ್ಬುರೇಟರ್‌ಗೆ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಮ್ಮಿಯಾದಂತೆ. ಹಾಗಾಗಿ ಕಾಫಿ ಬಣ್ಣ ಮೊದಲಿಗಿಂತ ತಿಳಿಯಾಗಿ ಕಂಡರೆ ಗಾಬರಿ ಬೇಡ.

ಬಣ್ಣ ನೋಡುವುದಕ್ಕೂ ಕ್ರಮವಿದೆ. ಮನೆ ಮುಂದೆ ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ಬಿಚ್ಚಿದರೆ ಎಲ್ಲ ಪ್ಲಗ್ಗೂ ಕಪ್ಪೇ. ಖಾಲಿ ರಸ್ತೆಯಲ್ಲಿ ಒಂದಷ್ಟು ದೂರ ಒಂದೇ ವೇಗದಲ್ಲಿ ಓಡಿಸಿ, ಎಂಜಿನ್ ಆಫ್ ಮಾಡಿ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ, ಅಲ್ಲೇ ಬಿಚ್ಚಿ ನೋಡಬೇಕು. ಘಾಟಿ ಇಳಿಯುವಾಗ ಮಾತ್ರ ಈ ಕೆಲಸ ಬೇಡ.

ಇರಿಡಿಯಂ ಪ್ಲಗ್ ಹಾಕಬಹುದಾ ಎಂದು ಕೇಳುತ್ತಾರೆ. ಅದರ ನಡುವಿನ ಕಡ್ಡಿ ಸೂಜಿಯಂತೆ ತೆಳು, ಕಡಿಮೆ ವೋಲ್ಟ್‌ನಲ್ಲೇ ಕಿಡಿ ಹಾರುತ್ತದೆ, ನಿಜ. ಆದರೆ ಎಣ್ಣೆ ಕುಡಿಯುವ ಟು ಸ್ಟ್ರೋಕ್‌ನಲ್ಲಿ ಅದೂ ಮಸಿ ಹಿಡಿಯುತ್ತದೆ, ಉಜ್ಜಿ ತೊಳೆಯುವ ಹಾಗಿಲ್ಲ. ಸಾದಾ ಪ್ಲಗ್ ನಾಲ್ಕು ತಂದಿಟ್ಟುಕೊಳ್ಳುವುದು ನನಗೆ ಸರಿ ಅನ್ನಿಸುತ್ತದೆ. ಡೂಪ್ಲಿಕೇಟ್ ಪ್ಲಗ್‌ಗಳ ಕಾಟವೂ ಇದೆ. ಕೊಕ್ಕೆ ಸೊಟ್ಟಗಿದ್ದರೆ, ಅಕ್ಷರ ಉಗುರಿನಲ್ಲಿ ಕೆರೆದರೆ ಅಳಿಸಿದರೆ, ವಾಷರ್ ಕೈಗೇ ಕಳಚಿ ಬಂದರೆ ಬೇಡ ಎಂದು ವಾಪಸ್ ಕೊಡಿ.

ಮಲೆನಾಡಿನ ಮಳೆಯಲ್ಲಿ ಪ್ಲಗ್ ಸರಿಯಿದ್ದೂ ಗಾಡಿ ನಿಂತರೆ ಪ್ಲಗ್ ಕ್ಯಾಪ್ ನೋಡಿ. ಬಿರುಕು ಬಿಟ್ಟ ಕ್ಯಾಪ್‌ಗೆ ನೀರಿಳಿದರೆ ಕರೆಂಟ್ ಹೊರಗಿಂದಲೇ ಹರಿದುಹೋಗುತ್ತದೆ. ರಾತ್ರಿ ಕತ್ತಲಲ್ಲಿ ಎಂಜಿನ್ ಓಡುವಾಗ ನೋಡಿದರೆ ನೀಲಿ ಕಿಡಿ ಕ್ಯಾಪ್ ಮೇಲೆ ಹರಿದಾಡುವುದು ಕಾಣುತ್ತದೆ. ಹೊಸ ಕ್ಯಾಪ್ ಹಾಕುವಾಗ ವೈರಿನ ಹಸಿರುಗಟ್ಟಿದ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ, ಒಳ್ಳೆಯ ತಾಮ್ರಕ್ಕೆ ತಿರುಗಿಸಿ ಕೂರಿಸಿ. ಪ್ಲಗ್ ತಲೆಯ ಮೇಲಿನ ಸಣ್ಣ ನಟ್ ಸಡಿಲವಿದ್ದರೂ ಮಿಸ್ಸಿಂಗ್ ಬರುತ್ತದೆ. ಅದನ್ನು ಇಕ್ಕಳದಲ್ಲಿ ಒಮ್ಮೆ ಬಿಗಿ ಮಾಡಿ.

ಇನ್ನು ಕೂರಿಸುವುದು. ಹಳೆಯ ಪ್ಲಗ್ ಬಿಚ್ಚುವ ಮೊದಲು ಅದರ ಸುತ್ತ ಕೂತ ಕೆಂಪು ಮಣ್ಣನ್ನು ಸೈಕಲ್ ಪಂಪಿನಲ್ಲಿ ಊದಿ ತೆಗೆಯಿರಿ, ಇಲ್ಲದಿದ್ದರೆ ಅಷ್ಟೂ ಸಿಲಿಂಡರ್ ಒಳಗೆ ಬೀಳುತ್ತದೆ. ಎಂಜಿನ್ ತಣ್ಣಗಿರಬೇಕು. ಹೊಸದನ್ನು ಮೊದಲು ಕೈಯಲ್ಲೇ ಪೂರ್ತಿ ತಿರುಗಿಸಿ. ಎರಡು ಸುತ್ತಿಗೇ ಬಿಗಿಯಾದರೆ ತ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಹಾಕಿ. ವಾಷರ್ ಕೂತ ಮೇಲೆ ಪಾನಾ ಹಾಕಿ ಅರ್ಧ ಸುತ್ತು, ಹೆಚ್ಚೆಂದರೆ ಸ್ವಲ್ಪ ಮೇಲೆ. ವಾಷರ್ ಒತ್ತಿ ಚಪ್ಪಟೆಯಾಗಲು ಅಷ್ಟು ಸಾಕು. ಒಮ್ಮೆ ಹಾಕಿ ಬಿಚ್ಚಿದ ಪ್ಲಗ್ ಆದರೆ ವಾಷರ್ ಆಗಲೇ ಚಪ್ಪಟೆ, ಗಡಿಯಾರದಲ್ಲಿ ಒಂದು ಗಂಟೆಯಿಂದ ಎರಡಕ್ಕೆ ಮುಳ್ಳು ಹೋದಷ್ಟು ತಿರುಗಿಸಿದರೆ ಮುಗಿಯಿತು. ಟಾರ್ಕ್ ಪಾನಾ ಇದ್ದರೆ ಅಲ್ಯೂಮಿನಿಯಂ ಹೆಡ್‌ನ 14 ಮಿಲಿಮೀಟರ್ ಪ್ಲಗ್‌ಗೆ 25 ನ್ಯೂಟನ್ ಮೀಟರ್, 10 ಮಿಲಿಮೀಟರ್ ಪ್ಲಗ್‌ಗೆ 10ರಿಂದ 12. ತ್ರೆಡ್‌ಗೆ ಗ್ರೀಸ್ ಹಚ್ಚಬೇಡಿ, ಜಾರಿಕೊಂಡು ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗುತ್ತದೆ.

ಬಿಚ್ಚಿದ್ದು ಇನ್ನೂ ಚೆನ್ನಾಗಿದ್ದರೆ ತೊಳೆದು, ಗ್ಯಾಪ್ ಇಟ್ಟು, ಹೊಸದು ಬಂದ ಡಬ್ಬಿಯಲ್ಲೇ ಹಾಕಿ ಟೂಲ್ ಬಾಕ್ಸ್‌ನಲ್ಲಿಡಿ. ಡಬ್ಬಿಯ ಮೇಲೆ ತಾರೀಕು, ಮೀಟರ್ ರೀಡಿಂಗ್, ಇಟ್ಟ ಗ್ಯಾಪ್ ಎಷ್ಟು ಎಂದು ಪೆನ್ನಿನಲ್ಲಿ ಬರೆಯಿರಿ. ನನ್ನ ಟೂಲ್ ಬಾಕ್ಸ್‌ನ ಡಬ್ಬಿಯ ಮೇಲೆ 0.65 ಎಂದಿದೆ.